ಡಾಕ್ಟರಿಗೂ ಇನ್ಶೂರೆನ್ಸಿಗೂ ಏನು ಸಂಬಂಧ?

ನೀವು ಕೇಳಿದ್ದು ಇಷ್ಟು: "ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯ್ತು. 3 ಲಕ್ಷದ ಪಾಲಿಸಿ ಇದೆ. ದಿನಕ್ಕೆ 6,000 ರೂಪಾಯಿಯ ಸ್ಪೆಷಲ್ ರೂಮಿನಲ್ಲಿ ನಾಲ್ಕು ದಿನ ಇದ್ದೆವು. ಬಿಲ್ 1,20,000 ಆಯ್ತು, ಇನ್ಶೂರೆನ್ಸ್ ಕೊಟ್ಟಿದ್ದು 77,500 ಮಾತ್ರ. ಬೆಳಿಗ್ಗೆ ಡಿಸ್ಚಾರ್ಜ್ ಅಂದವರು ಬಿಟ್ಟಿದ್ದು ರಾತ್ರಿ 8ಕ್ಕೆ. ಡಾಕ್ಟರನ್ನು ಕೇಳಿದರೆ 'ಅದು ನನಗೆ ಗೊತ್ತಿಲ್ಲ, ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಿ' ಅಂದರು. ಡಾಕ್ಟರಿಗೂ ಇನ್ಶೂರೆನ್ಸಿಗೂ ಸಂಬಂಧವೇ ಇಲ್ವಾ?"

ಸಂಬಂಧ ಇದೆ. ಜಾಸ್ತಿನೇ ಇದೆ. ನಾನು ಡಾಕ್ಟರ್, ಜನರಲ್ ಮೆಡಿಸಿನ್. ನನ್ನ ಯಜಮಾನರು ಸರ್ಜನ್. ದಾವಣಗೆರೆಯಲ್ಲಿ ಇಬ್ಬರೂ ಸೇರಿ 30 ಹಾಸಿಗೆಯ ಒಂದು ನರ್ಸಿಂಗ್ ಹೋಮ್ ನಡೆಸುತ್ತಿದ್ದೇವೆ, 14 ವರ್ಷ ಆಯ್ತು. ಮೊದಮೊದಲು ನಾನೂ ನಿಮ್ಮ ಡಾಕ್ಟರ್ ಹೇಳಿದ ಹಾಗೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಯಾಕೆ ಅಂತ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಇನ್ಶೂರೆನ್ಸ್ ಕಂಪನಿಯವರು ನಿಮ್ಮ ಅಮ್ಮನನ್ನು ನೋಡಿಯೇ ಇಲ್ಲ. ಎಷ್ಟೋ ಕಂಪನಿಗಳ ಪರವಾಗಿ ಫೈಲ್ ನೋಡುವುದಕ್ಕೆ ಟಿಪಿಎ ಅಂತ ಬೇರೆ ಸಂಸ್ಥೆ ಇರುತ್ತದೆ. ಅಲ್ಲೂ ಡಾಕ್ಟರ್ ಇರುತ್ತಾರೆ, ಅವರೂ ನೋಡಿಲ್ಲ. ಅವರ ಕಣ್ಣಿಗೆ ಬೀಳುವುದು ನಾವು ಸ್ಕ್ಯಾನ್ ಮಾಡಿ ಕಳಿಸಿದ ಕಾಗದ ಮಾತ್ರ. ಅಡ್ಮಿಟ್ ಆದಾಗ ಕಂಪನಿಯ ಮುಂಗಡ ಒಪ್ಪಿಗೆ ಕೇಳಿ ಹೋಗುವ ಪ್ರೀ-ಆಥ್ ಫಾರಂ ಇದೆಯಲ್ಲ, ಅದರಲ್ಲಿ ಒಂದು ಭಾಗವನ್ನು ಡಾಕ್ಟರೇ ತುಂಬಬೇಕು. ಕಾಯಿಲೆ ಏನು, ಎಷ್ಟು ದಿನದಿಂದ ಇದೆ, ಮೊದಲ ಸಲ ತೋರಿಸಿದ್ದು ಯಾವಾಗ, ಶುಗರ್, ಬಿಪಿ, ಹಾರ್ಟ್ ತೊಂದರೆ ಇದೆಯಾ, ಇದ್ದರೆ ಯಾವಾಗಿನಿಂದ, ಕುಡಿತದ ಅಭ್ಯಾಸ ಇದೆಯಾ, ಎಷ್ಟು ದಿನ ಇರಬೇಕಾಗಬಹುದು, ಅಂದಾಜು ಖರ್ಚು ಎಷ್ಟು. ಕೆಳಗೆ ನಮ್ಮ ಸಹಿ, ರಿಜಿಸ್ಟ್ರೇಷನ್ ನಂಬರ್. ಆ ಅರ್ಧ ಪುಟದ ಮೇಲೆ ಎಷ್ಟೋ ಮನೆಗಳ ದುಡ್ಡು ನಿಂತಿರುತ್ತದೆ. ಡ್ಯೂಟಿ ಡಾಕ್ಟರ್ ಅದನ್ನು ಎರಡು ನಿಮಿಷದಲ್ಲಿ ತುಂಬಿ, ಮುಂದಿನ ಬೆಡ್ಡಿಗೆ ಹೋಗಿರುತ್ತಾರೆ.

ಇದು ನನಗೆ ಸರಿಯಾಗಿ ಅರ್ಥ ಆಗಿದ್ದು ಒಬ್ಬ ಟೈಲರ್ ವಿಷಯದಲ್ಲಿ. 52 ವರ್ಷ. ಲಕ್ವ ಹೊಡೆದು ರಾತ್ರಿ 2 ಗಂಟೆಗೆ ಕರೆದುಕೊಂಡು ಬಂದರು. ಬಲಗೈ, ಬಲಗಾಲು ಬಿದ್ದುಹೋಗಿತ್ತು, ಮಾತು ನಿಂತಿತ್ತು. ಹೆಂಡತಿ ಅಳುತ್ತಿದ್ದರು. ಡ್ಯೂಟಿ ಡಾಕ್ಟರ್ ಕೇಳಿದ್ದು ಜೊತೆಗೆ ಬಂದಿದ್ದ ಭಾವಮೈದುನನನ್ನು.

"ಬಿಪಿ ಇತ್ತಾ?"

"ಹ್ಞೂಂ ಸರ್, ಇತ್ತು."

"ಎಷ್ಟು ವರ್ಷದಿಂದ?"

"ಒಂದ್ ಹತ್ತು ವರ್ಷ ಆಗಿರ್ಬೇಕು ಸರ್."

ಕೇಸ್ ಶೀಟಿನಲ್ಲಿ "ಬಿಪಿ, 10 ವರ್ಷ" ಅಂತ ಬಿತ್ತು. ಪ್ರೀ-ಆಥ್ ಫಾರಂಗೂ ಅದೇ ಹೋಯ್ತು, ಡಿಸ್ಚಾರ್ಜ್ ಸಮ್ಮರಿಗೂ ಅದೇ. ಯಾರೂ ತಿರುಗಿ ಕೇಳಲಿಲ್ಲ, ನಾನೂ ಕೇಳಲಿಲ್ಲ. ಪಾಲಿಸಿ ತೆಗೆದು ಎರಡು ವರ್ಷ ಆಗಿತ್ತು. ಹತ್ತು ವರ್ಷದ ಬಿಪಿಯನ್ನು ಮುಚ್ಚಿಟ್ಟು ಪಾಲಿಸಿ ತೆಗೆದಿದ್ದೀರಿ ಅಂತ ಕಂಪನಿ ಕ್ಲೇಮ್ ತಿರಸ್ಕರಿಸಿತು. 1,40,000 ರೂಪಾಯಿ. ಆ ಮನೆಯಲ್ಲಿ ದುಡಿಯುವ ಕೈ ಅದೊಂದೇ, ಅದೂ ಬಲಗೈ.

ಮೂರು ವಾರ ಬಿಟ್ಟು ಅವರ ಹೆಂಡತಿ ಒಂದು ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಬಂದರು. "ಡಾಕ್ಟರಮ್ಮ, ನಮ್ಮೋರಿಗೆ ಬಿಪಿ ಗೊತ್ತಾಗಿದ್ದೇ ಹೋದ ವರ್ಷ. ಹತ್ತು ವರ್ಷದಿಂದ ಇದ್ದಿದ್ದು ನಮ್ಮ ಮಾವನಿಗೆ" ಅಂದರು. ಕವರಿನಲ್ಲಿ ಮೆಡಿಕಲ್ ಶಾಪಿನ ಬಿಲ್‌ಗಳು, ಬೆಳಕಿಗೆ ಅಕ್ಷರ ಮಾಸಿದವೂ ಇದ್ದವು. ಅವುಗಳ ನಡುವೆ ಮಡಚಿಟ್ಟ ಒಂದು ಚೀಟಿ, ಉಚಿತ ತಪಾಸಣಾ ಶಿಬಿರದ್ದು. ಬಿಪಿ 160/100, ಒಂದು ಮಾತ್ರೆಯ ಹೆಸರು, ತಾರೀಖು. ಲಕ್ವ ಹೊಡೆಯುವ ಹತ್ತು ತಿಂಗಳು ಮೊದಲಿನದು. ಮೊದಲ ಸಲ ಪತ್ತೆ ಅಂತಲೂ ಆ ಶಿಬಿರದ ಡಾಕ್ಟರ್ ಬರೆದಿದ್ದರು. ಪುಣ್ಯಾತ್ಮ, ಆ ಮಾತು ಬರೆದಿದ್ದಕ್ಕೆ ಇವತ್ತಿಗೂ ನಾನು ಅವರನ್ನು ನೆನೆಯುತ್ತೇನೆ.

ಹಳೆಯ ಕೇಸ್ ಶೀಟನ್ನು ನಾವು ತಿದ್ದಲಿಲ್ಲ. ತಿದ್ದಬಾರದು, ತಿದ್ದಿದ್ದು ಗೊತ್ತಾದರೆ ನಿಜವೂ ಸುಳ್ಳಾಗುತ್ತದೆ. ಲೆಟರ್ ಹೆಡ್ಡಿನಲ್ಲಿ ಬೇರೆಯೇ ಪತ್ರ ಬರೆದೆ: ರೋಗಿಗೆ ಮಾತು ಬರುತ್ತಿರಲಿಲ್ಲ, ಮಾಹಿತಿ ಕೊಟ್ಟವರು ಸಂಬಂಧಿಕರು, ಅದು ಅಂದಾಜಿನ ಮಾತು, ಬಿಪಿ ಮೊದಲು ಪತ್ತೆಯಾದ ದಾಖಲೆ ಇಲ್ಲಿದೆ ಅಂತ. ಚೀಟಿಯ ನಕಲು, ಬಿಲ್‌ಗಳ ನಕಲು ಲಗತ್ತಿಸಿದೆ. ಕಂಪನಿಯಿಂದ ಎರಡು ಸಲ ಕ್ವೆರಿ, ಅಂದರೆ ವಿವರಣೆ ಕೇಳಿ ಪ್ರಶ್ನೆ, ಬಂತು, ಎರಡಕ್ಕೂ ನಾನೇ ಉತ್ತರ ಕೊಟ್ಟೆ. 47 ದಿನಕ್ಕೆ ದುಡ್ಡು ಬಂತು. ಆ 47 ದಿನದಲ್ಲಿ ಅವರು ಚೀಟಿ ದುಡ್ಡು ಎತ್ತಿ, ಹೊಲಿಗೆ ಮೆಷಿನ್ ಒಂದನ್ನು ಮಾರಿಯಾಗಿತ್ತು.

ಅವತ್ತಿನಿಂದ ನಮ್ಮಲ್ಲಿ ಒಂದು ಪದ್ಧತಿ ಮಾಡಿದ್ದೇವೆ. ಹಳೆಯ ಕಾಯಿಲೆ ಬರೆಯುವಾಗ ಯಾರು ಹೇಳಿದ್ದು, ಯಾವ ಕಾಗದ ನೋಡಿ ಬರೆದಿದ್ದು ಅಂತಲೂ ಬರೆಯಬೇಕು. ಗೊತ್ತಿಲ್ಲದಿದ್ದರೆ "ಅವಧಿ ಖಚಿತವಿಲ್ಲ" ಅಂತ ಬರೆಯಬೇಕು, ಸುಮ್ನೆ ಒಂದು ನಂಬರ್ ಹಾಕುವ ಹಾಗಿಲ್ಲ. ಮರುದಿನ ರೌಂಡ್ಸಿನಲ್ಲಿ ನಾನು ಅದೊಂದು ಸಾಲನ್ನು ಮತ್ತೆ ಕೇಳುತ್ತೇನೆ.

ಇದನ್ನು ಹೇಳಿದ ಕೂಡಲೇ ಇನ್ನೊಂದು ಮಾತನ್ನೂ ಹೇಳಬೇಕು. ನಿಜ ಬರೆದು ಸಹಾಯ ಮಾಡುವುದು ಬೇರೆ, ಸುಳ್ಳು ಬರೆಯುವುದು ಬೇರೆ. ವಾರಕ್ಕೊಬ್ಬರಾದರೂ ಬರುತ್ತಾರೆ. "ಮೇಡಂ, ಎಂ.ಆರ್.ಐ ಮಾಡಿಸ್ಬೇಕು, ಒಂದು ದಿನ ಅಡ್ಮಿಟ್ ಮಾಡ್ಕೊಳ್ಳಿ, ಕ್ಲೇಮ್ ಆಗುತ್ತೆ." ಬರೀ ಪರೀಕ್ಷೆಗೆ ಅಂತ ಅಡ್ಮಿಟ್ ಆದರೆ ಕೊಡುವುದಿಲ್ಲ ಅಂತ ಪಾಲಿಸಿಗಳಲ್ಲೇ ಇರುತ್ತದೆ. ಅದಕ್ಕೆ ಇಲ್ಲದ ಜ್ವರ ಬರೆಯಬೇಕು, ಇಲ್ಲದ ವಾಂತಿ ಬರೆಯಬೇಕು. ಇನ್ನು ಕೆಲವರು "ಶುಗರ್ ಇದೆ ಅಂತ ಬರೀಬೇಡಿ" ಅನ್ನುತ್ತಾರೆ. ಶುಗರ್ ಇರುವುದು ಬರೆಯದೆ ಬಿಟ್ಟು, ರಾತ್ರಿ ಪಾಳಿಯ ಸಿಸ್ಟರ್ ಗ್ಲೂಕೋಸ್ ಡ್ರಿಪ್ ಹಾಕಿದರೆ? ಕೇಸ್ ಶೀಟ್ ಇರುವುದು ಮೊದಲು ಚಿಕಿತ್ಸೆಗೆ. ಸುಳ್ಳು ಸರ್ಟಿಫಿಕೇಟ್ ಕೊಟ್ಟ ಡಾಕ್ಟರ್ ಹೆಸರನ್ನು ಮೆಡಿಕಲ್ ಕೌನ್ಸಿಲ್ ರಿಜಿಸ್ಟರಿನಿಂದಲೇ ತೆಗೆಯಬಹುದು, ಅದು ಗೊತ್ತಿರಲಿ. ಆದರೆ ನಾನು ಒಪ್ಪದಿರುವುದು ಆ ಭಯಕ್ಕಲ್ಲ. ಹತ್ತು ಸುಳ್ಳು ಫೈಲ್ ಹೋದರೆ ಹನ್ನೊಂದನೆಯ ನಿಜವಾದ ಫೈಲನ್ನೂ ಅನುಮಾನದಿಂದಲೇ ನೋಡುತ್ತಾರೆ, ಆ ಹನ್ನೊಂದನೆಯವರು ಆ ಟೈಲರ್ ಥರದವರಾಗಿರುತ್ತಾರೆ.

ಕಂಪನಿ ಕಡೆಯಿಂದಲೂ ಅನ್ಯಾಯ ಇದೆ, ಇಲ್ಲ ಅನ್ನುವುದಿಲ್ಲ. ಡೆಂಗಿ ಸೀಸನ್ನಿನಲ್ಲಿ ಪದೇ ಪದೇ ಬರುವ ಕ್ವೆರಿ: "ಓಪಿಡಿಯಲ್ಲೇ ಯಾಕೆ ಚಿಕಿತ್ಸೆ ಕೊಡಲಿಲ್ಲ?" ಪ್ಲೇಟ್‌ಲೆಟ್ 40,000ಕ್ಕೆ ಇಳಿದಿದೆ, ನೀರು ಕುಡಿದರೂ ವಾಂತಿ, ಕೂತರೆ ತಲೆ ಸುತ್ತು, ಅಂಥವರನ್ನು ಮನೆಗೆ ಕಳಿಸೋದಾ? ಆದರೆ ಇಲ್ಲೂ ನಮ್ಮ ಕಾಗದದ ಮಾತೇ ಬರುತ್ತದೆ. "ಜ್ವರ, ಸುಸ್ತು, ಡ್ರಿಪ್ ಹಾಕಿದೆ" ಅಂತ ಮೂರು ಪದ ಬರೆದರೆ ದೂರದಲ್ಲಿ ಕೂತವರಿಗೆ ಏನು ತಿಳಿಯಬೇಕು? ಎಷ್ಟು ಸಲ ವಾಂತಿ, ಬಿಪಿ ಎಷ್ಟು, ಮೂತ್ರ ಎಷ್ಟು ಹೋಯ್ತು ಅಂತ ಬರೆದಿದ್ದರೆ ಕ್ವೆರಿಯೇ ಬರುವುದಿಲ್ಲ, ಬಂದರೂ ಒಂದು ಫೋನಿನಲ್ಲಿ ಮುಗಿಯುತ್ತದೆ.

ಈಗ ನಿಮ್ಮ ರಾತ್ರಿ 8 ಗಂಟೆಯ ವಿಷಯ. ಬೆಳಿಗ್ಗೆ 9.30ಕ್ಕೆ ಡಾಕ್ಟರ್ "ಮನೆಗೆ ಹೋಗಿ" ಅನ್ನುತ್ತಾರೆ. ನೀವು ಬಟ್ಟೆ, ಫ್ಲಾಸ್ಕ್ ಎಲ್ಲ ಬ್ಯಾಗಿಗೆ ತುಂಬುತ್ತೀರಿ. ಆಮೇಲೆ ಸಿಸ್ಟರ್ ಉಳಿದ ಇಂಜೆಕ್ಷನ್, ಡ್ರಿಪ್ ಬಾಟಲಿ ಎಣಿಸಿ ಫಾರ್ಮಸಿಗೆ ವಾಪಸ್ ಕಳಿಸಬೇಕು, ಲ್ಯಾಬಿನ ಲೆಕ್ಕ ಬರಬೇಕು, ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಬೇಕು, ಡಾಕ್ಟರ್ ಅದನ್ನು ಓದಿ ಸಹಿ ಮಾಡಬೇಕು, ಫೈನಲ್ ಬಿಲ್ ಆಗಬೇಕು. ಇಷ್ಟಾದ ಮೇಲೆ ಫೈಲ್ ಕಂಪನಿಗೆ ಹೋಗುತ್ತದೆ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿದೆ: ಅಡ್ಮಿಷನ್ ಸಮಯದ ಕ್ಯಾಶ್‌ಲೆಸ್ (ಕಂಪನಿಯೇ ಆಸ್ಪತ್ರೆಗೆ ನೇರವಾಗಿ ದುಡ್ಡು ಕೊಡುವ) ಅರ್ಜಿಗೆ 1 ಗಂಟೆಯೊಳಗೆ, ಡಿಸ್ಚಾರ್ಜ್ ಅರ್ಜಿಗೆ 3 ಗಂಟೆಯೊಳಗೆ ಕಂಪನಿ ತೀರ್ಮಾನ ಹೇಳಬೇಕು. 3 ಗಂಟೆ ದಾಟಿ, ಅದಕ್ಕೆ ಆಸ್ಪತ್ರೆ ಜಾಸ್ತಿ ಚಾರ್ಜ್ ಹಾಕಿದರೆ ಕಂಪನಿಯೇ ಭರಿಸಬೇಕು. ಆದರೆ ಆ 3 ಗಂಟೆ ಶುರುವಾಗುವುದು ಆಸ್ಪತ್ರೆ ಅರ್ಜಿ ಕಳಿಸಿದಾಗಿನಿಂದ. ಆಸ್ಪತ್ರೆಯಿಂದ ಫೈಲ್ ಹೊರಟಿದ್ದೇ ಮಧ್ಯಾಹ್ನ 3ಕ್ಕೆ ಅಂದರೆ ಅದು ಆಸ್ಪತ್ರೆಯ ತಪ್ಪು. ನಮ್ಮಲ್ಲೂ ಹೀಗೇ ಆಗುತ್ತಿತ್ತು. ಶುಗರ್ ಇರುವ ಒಬ್ಬರು ಅಜ್ಜಿ, ಈಗ ಹೊರಡ್ತೀವಿ, ಈಗ ಹೊರಡ್ತೀವಿ ಅಂತ ಊಟ ಮಾಡದೆ ಕಾರಿಡಾರಿನ ಬೆಂಚಿನ ಮೇಲೆ ಸಂಜೆ 4ರವರೆಗೆ ಕೂತಿದ್ದರು. ಕೊನೆಗೆ ಅಲ್ಲೇ ಬೆವರಿ ವಾಲಿಕೊಂಡರು. ಗುಣವಾಗಿ ಹೊರಟಿದ್ದ ಜೀವ ಅದು. ಈಗ ಸಮ್ಮರಿಯನ್ನು ಹಿಂದಿನ ರಾತ್ರಿಯೇ ಬರೆದಿಡುತ್ತೇವೆ, ಫಾರ್ಮಸಿ ವಾಪಸಾತಿ ಬೆಳಿಗ್ಗೆ 7ಕ್ಕೆ ಮುಗಿಯುತ್ತದೆ. ಜಾಸ್ತಿ ಜನ ಮಧ್ಯಾಹ್ನ 2 ಗಂಟೆಯೊಳಗೆ ಮನೆ ಸೇರುತ್ತಾರೆ. ಡಾಕ್ಟರ್ ಮನಸ್ಸು ಮಾಡಿದರೆ ಇಷ್ಟು ಆಗುತ್ತದೆ.

ನಿಮ್ಮ 42,500 ಎಲ್ಲಿ ಹೋಯ್ತು? ಬಿಲ್ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನೀವು ಕೊಟ್ಟ ಅಂಕಿ ನೋಡಿದರೆ ರೂಮ್ ಬಾಡಿಗೆಯ ಮಿತಿಯೇ ಇರಬೇಕು. ತುಂಬಾ ಪಾಲಿಸಿಗಳಲ್ಲಿ ದಿನದ ರೂಮ್ ಬಾಡಿಗೆ ವಿಮೆ ಮೊತ್ತದ ಶೇಕಡಾ 1ರಷ್ಟು ಮಾತ್ರ. 3 ಲಕ್ಷಕ್ಕೆ 3,000. ನೀವಿದ್ದಿದ್ದು 6,000ದ ರೂಮಿನಲ್ಲಿ, ಅಂದರೆ ಮಿತಿಯ ಎರಡರಷ್ಟು. ಹೆಚ್ಚಿನ ಬಾಡಿಗೆ ಮಾತ್ರ ನಾವು ಕೊಟ್ಟರೆ ಸಾಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ನಾಲ್ಕು ದಿನಕ್ಕೆ 12,000. ಹಾಗಲ್ಲ. ರೂಮಿನ ದರ್ಜೆ ಏರಿದ ಹಾಗೆ ಸರ್ಜನ್ ಫೀ, ಅರಿವಳಿಕೆ ಡಾಕ್ಟರ್ ಫೀ, ಓಟಿ (ಆಪರೇಷನ್ ಥಿಯೇಟರ್) ಚಾರ್ಜ್, ನರ್ಸಿಂಗ್ ಎಲ್ಲವೂ ಆಸ್ಪತ್ರೆಯಲ್ಲಿ ಏರುತ್ತವೆ, ಅದಕ್ಕೆ ಕಂಪನಿ ಅವುಗಳನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತದೆ. ಉದಾಹರಣೆಗೆ ರೂಮ್ 24,000, ಈ ಫೀಗಳೆಲ್ಲ ಸೇರಿ 56,000, ಔಷಧಿ ಮತ್ತು ಪರೀಕ್ಷೆ 40,000 ಅಂತ ಇಟ್ಟುಕೊಳ್ಳಿ. ಮೊದಲ ಎರಡರಲ್ಲಿ ಅರ್ಧ ಹೋದರೆ 40,000 ಖಾಲಿ. ಇನ್ನು ಗ್ಲೌಸ್, ಮಾಸ್ಕ್, ಇಸಿಜಿ ಎಲೆಕ್ಟ್ರೋಡ್, ಡಯಾಪರ್, ಕ್ರೇಪ್ ಬ್ಯಾಂಡೇಜ್ ಥರದ 68 ವಸ್ತುಗಳ ಒಂದು ಪಟ್ಟಿಯೇ ಇದೆ, ಅವಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಅಲ್ಲಿ 2,500. ಲೆಕ್ಕ ಸರಿಹೋಯ್ತು ನೋಡಿ.

ಇದನ್ನು ಅಡ್ಮಿಟ್ ಆಗುವ ದಿನವೇ ಯಾರಾದರೂ ಒಬ್ಬರು ಒಂದು ನಿಮಿಷ ಕೂತು ಹೇಳಿದ್ದರೆ ನಿಮ್ಮ ಅಮ್ಮ ಬೇರೆ ರೂಮ್ ತೆಗೆದುಕೊಳ್ಳುತ್ತಿದ್ದರು. ನನಗೆ ಬೇಜಾರು ಇದೇ. ಆಪರೇಷನ್ ಬೇಕು ಅಂತ ಹೇಳುವವರು ಡಾಕ್ಟರ್, ಜನ ನಂಬುವುದೂ ಡಾಕ್ಟರನ್ನೇ. ನಿಮ್ಮ ಡಾಕ್ಟರ್ ಗೊತ್ತಿಲ್ಲ ಅಂದಿದ್ದು ನಿಜವೇ ಇರಬಹುದು. ದೊಡ್ಡ ಆಸ್ಪತ್ರೆಯಲ್ಲಿ ದರ ಪಟ್ಟಿ ಮಾಡುವವರು ಆಡಳಿತದವರು, ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಳ್ಳುವವರೂ ಅವರೇ. ಎಂ.ಬಿ.ಬಿ.ಎಸ್, ಎಂ.ಡಿ ಓದುವಾಗ ಇದನ್ನು ನಮಗೆ ಯಾರೂ ಕೂರಿಸಿ ಹೇಳಿಕೊಡಲಿಲ್ಲ. ಆದರೂ "ನಿಮ್ಮ ಪಾಲಿಸಿಯಲ್ಲಿ ರೂಮಿಗೆ ಮಿತಿ ಇದೆಯಾ ನೋಡಿಕೊಳ್ಳಿ" ಅಂತ ಹೇಳುವುದಕ್ಕೆ ಡಿಗ್ರಿ ಬೇಕಾಗಿಲ್ಲ.

ಸಣ್ಣ ಆಸ್ಪತ್ರೆಗಳ ಕಷ್ಟವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಪ್ರೂವ್ ಆದ ದುಡ್ಡು ನಮ್ಮ ಕೈಗೆ ಬರುವುದು ವಾರಗಳ ಮೇಲೆ, ಕೆಲವು ಸಲ ತಿಂಗಳುಗಳ ಮೇಲೆ. ಅದರಲ್ಲೂ ಟಿಡಿಎಸ್ ಅಂತ ತೆರಿಗೆ ಹಿಡಿದುಕೊಂಡು, ಕೆಲವು ಸಲ ಕಾರಣ ಹೇಳದೆ ಕಡಿಮೆ ಮಾಡಿ ಬರುತ್ತದೆ. ಸಿಸ್ಟರುಗಳ ಸಂಬಳ 5ನೇ ತಾರೀಖು ಕೊಡಲೇಬೇಕು, ಔಷಧಿ ಡಿಸ್ಟ್ರಿಬ್ಯೂಟರ್ ಕಾಯುವುದಿಲ್ಲ. ಇದಕ್ಕೇ ಎಷ್ಟೋ ನರ್ಸಿಂಗ್ ಹೋಮ್‌ಗಳು ಕ್ಯಾಶ್‌ಲೆಸ್ ಸಹವಾಸವೇ ಬೇಡ ಅಂತ ಬಿಟ್ಟಿವೆ.

ನೀವು ಈಗ ಮಾಡಬೇಕಾದ್ದು: ಕಂಪನಿಯಿಂದ ಬಂದ ಫೈನಲ್ ಅಪ್ರೂವಲ್ ಪತ್ರ ತೆಗೆದುಕೊಳ್ಳಿ, ಯಾವ ಸಾಲಿನಲ್ಲಿ ಎಷ್ಟು ಕತ್ತರಿಸಿದ್ದಾರೆ ಅಂತ ಅದರಲ್ಲಿ ಇರುತ್ತದೆ. ಔಷಧಿ, ಪರೀಕ್ಷೆ, ಇಂಪ್ಲಾಂಟ್ ಇವುಗಳನ್ನು ರೂಮಿನ ಪ್ರಮಾಣದಲ್ಲಿ ಕತ್ತರಿಸುವ ಹಾಗಿಲ್ಲ, ಐಸಿಯು ಚಾರ್ಜನ್ನೂ ಕತ್ತರಿಸುವ ಹಾಗಿಲ್ಲ. ಹಾಗೆಯೇ ಎಲ್ಲ ರೂಮಿನವರಿಗೂ ಒಂದೇ ದರ ಹಾಕುವ ಆಸ್ಪತ್ರೆಯಾಗಿದ್ದರೆ ಸರ್ಜನ್ ಫೀ, ಓಟಿ ಚಾರ್ಜ್‌ಗೂ ಈ ಕತ್ತರಿ ಬೀಳಬಾರದು, ಅದನ್ನು ಆಸ್ಪತ್ರೆಯಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅಮ್ಮನ ಕೇಸ್ ಶೀಟಿನ ನಕಲನ್ನೂ ಲಿಖಿತವಾಗಿ ಕೇಳಿ, ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಿಯಮಾವಳಿಯಲ್ಲೇ ಇದೆ. ತಪ್ಪು ಕಂಡರೆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿ ವಿಮೆಯ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಫೀ ಇಲ್ಲ, ವಕೀಲರೂ ಬೇಡ, ಒಂದು ವರ್ಷದೊಳಗೆ ಹೋಗಬೇಕು ಅಷ್ಟೇ. ನಿಮ್ಮ ಸರ್ಜನ್ ಹತ್ತಿರ ಇನ್ನೊಂದು ಸಲ ಹೋಗಿ. ಬಿಲ್ ಬಗ್ಗೆ ಕೇಳಬೇಡಿ. "ಸರ್, ನೀವು ಬರೆದಿದ್ದರ ಬಗ್ಗೆ ಕಂಪನಿಯವರು ಕ್ವೆರಿ ಹಾಕಿದರೆ ಒಂದು ಪತ್ರ ಕೊಡ್ತೀರಾ?" ಅಂತ ಕೇಳಿ. ಜಾಸ್ತಿ ಡಾಕ್ಟರುಗಳು ಕೊಡುತ್ತಾರೆ.