ಊರ ಬಾಯಿಗೆ ಮುಚ್ಚಳವಿಲ್ಲ

ಬಹಿರಂಗವಾದ ಸುದ್ದಿಯನ್ನು ಹಿಂದಕ್ಕೆ ಪಡೆಯಲಾಗದು ಎಂಬರ್ಥದಲ್ಲಿ ಇಂಗ್ಲಿಷಿನವರು ‘ಬಾರಿಸಿದ ಗಂಟೆಯನ್ನು ಬಾರಿಸದಂತೆ ಮಾಡಲಾಗದು’ ಎನ್ನುತ್ತಾರಲ್ಲ, ಅದಕ್ಕೆ ಕನ್ನಡದ ಗಾದೆ ಯಾವುದು ಎಂದು ಕೇಳಿದ್ದೀರಿ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬುದು ಎಲ್ಲರಿಗೂ ಥಟ್ಟನೆ ಹೊಳೆಯುತ್ತದೆಯಾದರೂ ಅದು ಇಲ್ಲಿಗೆ ಪೂರ್ತಿ ಒಪ್ಪುವುದಿಲ್ಲ. ಆ ಗಾದೆಯ ಕಣ್ಣು ಆಡಿದವನ ಮೇಲಿದೆ. ಗಂಟೆಯದ್ದಾದರೋ ಕೇಳಿಸಿಕೊಂಡವರ ಕುರಿತಾದ ಮಾತು. ಅಮೆರಿಕದ ಆರೆಗನ್ ರಾಜ್ಯದ ನ್ಯಾಯಾಲಯವು 1912ರ ತೀರ್ಪೊಂದರಲ್ಲಿ ಅದನ್ನು ಬಳಸಿದ್ದೂ ಹೀಗೆಯೇ: ಮನಸ್ಸಿನಲ್ಲಿ ಒಮ್ಮೆ ಅಚ್ಚೊತ್ತಿದ್ದನ್ನು ಅಳಿಸುವುದು ಸುಲಭವಲ್ಲ ಎಂದು.

‘ಬಿಟ್ಟ ಬಾಣ ಬತ್ತಳಿಕೆಗೆ ಮರಳದು’ ಎಂಬುದನ್ನೂ ಕೆಲವರು ಸೂಚಿಸುತ್ತಾರೆ. ತಾಳಮದ್ದಳೆ ಕೇಳಿ ಬೆಳೆದ ನಮ್ಮ ಕಾಸರಗೋಡಿನವರು ಇದಕ್ಕೆ ತಕರಾರು ತೆಗೆಯದೆ ಬಿಡುವುದಿಲ್ಲ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮನಿಗೆ ಅಸ್ತ್ರವನ್ನು ಹಿಂತೆಗೆಯಲು ಬಾರದಿದ್ದರೂ ಅರ್ಜುನ ತನ್ನದನ್ನು ಹಿಂತೆಗೆದುಕೊಂಡನಲ್ಲ! ಅದಿರಲಿ, ಬಾಣ ಒಂದೇ ಗುರಿಗೆ ನಾಟುತ್ತದೆ, ಸುದ್ದಿ ಮನೆಯಿಂದ ಮನೆಗೆ ಹೋಗುತ್ತದೆ.

ನನಗೆ ಸರಿಕಂಡ ಗಾದೆ ಸಿಕ್ಕಿದ್ದು ಬದಿಯಡ್ಕದ ಬಳಿಯ ನನ್ನ ಹೆಂಡತಿಯ ತವರಿನಲ್ಲಿ. ಭಾವ ಆಸ್ತಿಯ ಪಾಲುಪಟ್ಟಿಯ ಕರಡನ್ನು ವಕೀಲರಿಗೆ ಕಳುಹಿಸಲು ಹೋಗಿ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳುಹಿಸಿದರು. ಹತ್ತು ನಿಮಿಷದೊಳಗೆ ಗಮನಿಸಿ ಎಲ್ಲರ ಫೋನಿನಿಂದಲೂ ಅಳಿಸಿದರು; ಆದರೆ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ಉಳಿದು, ನೋಡದವರೂ ನೋಡಿದವರಿಗೆ ಫೋನು ಮಾಡಿ ವಿಚಾರಿಸುವಂತಾಯಿತು. ಸಂಜೆ ಅಡಿಕೆ ಅಂಗಡಿಯಲ್ಲಿ, ಗೋಣಿಯಿಂದ ನಾಲ್ಕು ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ತೆಗೆದು ಕತ್ತರಿಸಿ ನೋಡುತ್ತಿದ್ದ ವ್ಯಾಪಾರಿ ತಲೆ ಎತ್ತದೆಯೇ, ‘ಕೆಳಗಿನ ತೋಟ ಚಿಕ್ಕ ತಂಗಿಗಂತೆ, ಹೌದಾ ಭಟ್ರೇ?’ ಎಂದರಂತೆ. ಭಾವ ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ ಹವ್ಯಕ ಭಾಷೆಯಲ್ಲಿ ಹೇಳಿದ್ದು ಇಷ್ಟೇ: ‘ಅಳಗೆ ಬಾಯಿ ಮುಚ್ಚುಲೆ ಎಡಿಗು, ಊರ ಬಾಯಿ ಮುಚ್ಚುಲೆ ಎಡಿಗೊ?’

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅದೇ. ‘ಗುಟ್ಟು ರಟ್ಟಾಯಿತು’ ಎಂದರೆ ಹೊರಬಿದ್ದದ್ದು ಮಾತ್ರ ತಿಳಿಯುತ್ತದೆ, ಮರಳಿ ಬಾರದೆಂಬುದು ತಿಳಿಯುವುದಿಲ್ಲ. ಅತ್ತೆಯ ಮಾತಿನಲ್ಲಿ ಎರಡೂ ಇವೆ. ಬರೆಯುವಾಗ ಮಾತ್ರ ‘ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ?’ ಎಂದು ಬರೆಯಿರಿ, ಏಕೆಂದರೆ ನಮ್ಮ ಕುಂಬಳೆ ಸೀಮೆಯ ‘ಅಳಗೆ’, ‘ಎಡಿಗು’ಗಳು ಘಟ್ಟದ ಮೇಲಿನವರಿಗೆ ಸುಲಭವಾಗಿ ಅರ್ಥವಾಗಲಿಕ್ಕಿಲ್ಲ.