ಟ್ರೈನಿಂಗ್ ಫೆಸಿಲಿಟೇಟರ್ (ಅಂದ್ರೆ ಉದ್ಯೋಗಿಗಳಿಗೆ ತರಬೇತಿ ನಡೆಸಿಕೊಡೋರು) ಆಗಿ ಕೆಲಸ ಮಾಡ್ತಾ ದಿನನಿತ್ಯ ಕಲಿಯೋ ಪಾಠಗಳು ಯಾವುವು?

ಮೊದಲನೇದು ಸುಮ್ನಿರೋದು. ಪ್ರಶ್ನೆ ಕೇಳಿದ್ಮೇಲೆ ಯಾರೂ ಮಾತಾಡದೇ ಇದ್ರೆ ಕಸಿವಿಸಿ ಆಗಿ ನಾವೇ ಉತ್ತರ ಹೇಳ್ಬಿಡ್ತೀವಿ, ಆದ್ರೆ ಸ್ವಲ್ಪ ಹೊತ್ತು ತಡ್ಕೊಂಡ್ರೆ ಯಾರಾದ್ರೂ ಬಾಯಿ ಬಿಡ್ತಾರೆ, ಎಷ್ಟೋ ಸಲ ಒಳ್ಳೇ ಉತ್ತರ ಹಿಂದಿನ ಸಾಲಿಂದಾನೇ ಬರತ್ತೆ.

ಆಮೇಲೆ ಈ ಫೀಡ್‌ಬ್ಯಾಕ್ ಫಾರಂ. ಎಲ್ರೂ "ಸೂಪರ್" ಅಂತ ಟಿಕ್ ಹಾಕಿದ್ರೆ ಹಿಗ್ಗಬೇಡಿ, ಅದು ನಿಮ್ಮ ಜೋಕಿಗೆ ಬಂದ ಮಾರ್ಕ್ಸೂ ಇರಬಹುದು. ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಟ್ರೈನಿಂಗ್ ಎಷ್ಟು ಉಪಯೋಗ ಆಯ್ತು ಅಂತ ಅಳೆಯೋಕೆ ನಾಲ್ಕು ಹಂತ ಹೇಳಿದ್ರು: ಇಷ್ಟ ಆಯ್ತಾ, ಕಲಿತ್ರಾ, ಕೆಲಸದಲ್ಲಿ ಬಳಸ್ತಿದಾರಾ, ಸಂಸ್ಥೆಗೆ ಏನಾದ್ರೂ ಫಲ ಸಿಕ್ತಾ. ಬಹಳ ಕಡೆ ಮೊದಲನೇದಕ್ಕೇ ನಿಂತೋಗತ್ತೆ, ಯಾಕಂದ್ರೆ ಮೂರನೇದು ಗೊತ್ತಾಗ್ಬೇಕಂದ್ರೆ ಒಂದೆರಡು ತಿಂಗಳು ಬಿಟ್ಟು ಅವರ ಮ್ಯಾನೇಜರ್ ಹತ್ರ ಹೋಗಿ ವಿಚಾರಿಸ್ಬೇಕು, ಅಷ್ಟು ತಾಳ್ಮೆ ಯಾರಿಗಿದೆ ಹೇಳಿ.

ಮರೆವಿನ ವಿಷಯಕ್ಕೆ ಬಂದ್ರೆ, ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನ ಬಾಯಿಪಾಠ ಮಾಡಿ ತನ್ನ ಮೇಲೇ ಪ್ರಯೋಗ ಮಾಡ್ಕೊಂಡು 1885ರಲ್ಲೇ ತೋರಿಸಿದ್ದ, ಹೆಚ್ಚಿನ ಮರೆವು ಶುರುವಿನಲ್ಲೇ ಆಗತ್ತೆ ಅಂತ. ಅದಕ್ಕೇ ಒಂದೇ ದಿನ ರಾಶಿ ಸ್ಲೈಡ್ ಸುರಿಯೋ ಬದ್ಲು ವಾರ ಬಿಟ್ಟು ಒಂದು ಚಿಕ್ಕ ರಿವಿಷನ್ ಇಡಿ.

ಎಲ್ಲಕ್ಕಿಂತ ಕಷ್ಟದ್ದು "ಇದಕ್ಕೆ ಟ್ರೈನಿಂಗ್ ಬೇಡ" ಅಂತ ಹೇಳೋದು. ಜನಕ್ಕೆ ಕೆಲಸ ಚೆನ್ನಾಗೇ ಗೊತ್ತಿರತ್ತೆ, ಆದ್ರೆ ಸಾಫ್ಟ್‌ವೇರ್ ಹ್ಯಾಂಗ್ ಆಗ್ತಿರತ್ತೆ, ಇಲ್ಲಾ ಅಪ್ರೂವಲ್ ಮೂರು ಟೇಬಲ್ ಸುತ್ತತ್ತೆ. ಅಂಥ ಕಡೆ ವರ್ಕ್‌ಶಾಪ್ ಮಾಡಿದ್ರೆ ಅವ್ರಿಗೆ ಅರ್ಧ ದಿನ ಎಸಿ ರೂಮು ಸಿಗತ್ತೆ, ಅಷ್ಟೇ.