ಟೈಮಿಂಗ್ ಚೈನಿನ ಗರಗರ ಸದ್ದಿಗೆ ಟೆನ್ಷನರ್ ಒಂದೇ ಮದ್ದಲ್ಲ

ಪ್ರಶ್ನೆ: ನನ್ನ ಬಳಿ 200 ಸಿಸಿಯ ಡ್ಯುಯಲ್ ಸ್ಪೋರ್ಟ್ ಬೈಕ್ ಇದೆ. ಗುಡಿಬಂಡೆಯಿಂದ ಪೆರೇಸಂದ್ರದ ಮೇಲೆ ಚಿಕ್ಕಬಳ್ಳಾಪುರಕ್ಕೆ ನಿತ್ಯ ಹೋಗಿಬರುತ್ತೇನೆ. ರಜೆಯಲ್ಲಿ ಆವಲಬೆಟ್ಟದ ಕಡೆಯ ಮಣ್ಣುದಾರಿಗಳಲ್ಲಿ ಓಡಿಸುತ್ತೇನೆ. 46 ಸಾವಿರ ಕಿ.ಮೀ. ಆಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮತ್ತು ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನಿನ ಎಡಬದಿಯಲ್ಲಿ ಗರಗರ ಸದ್ದು ಬರುತ್ತದೆ. ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರನ್ನು ಮೆಕ್ಯಾನಿಕ್ ಹೊಸದಾಗಿ ಹಾಕಿದ ಮೇಲೆ ಎರಡು ತಿಂಗಳು ಸದ್ದಿರಲಿಲ್ಲ, ಈಗ ಮತ್ತೆ ಶುರುವಾಗಿದೆ. ಟೆನ್ಷನರ್ ಸ್ಪ್ರಿಂಗಿನ ಹಿಂದೆ ಒಂದು ವಾಷರ್ ಇಟ್ಟು ಬಿಗಿ ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ. ಮಾಡಿಸಬಹುದೇ? ಚೈನ್ ಬದಲಿಸಬೇಕೆಂದರೆ ಇಡೀ ಎಂಜಿನ್ ಬಿಚ್ಚಬೇಕೇ?
— ಓದುಗರು, ಗುಡಿಬಂಡೆ

ಉತ್ತರ: ದಯವಿಟ್ಟು ವಾಷರ್ ಇಡಿಸಬೇಡಿ. ಅದರಿಂದ ಸದ್ದು ಅಡಗಬಹುದು, ಆದರೆ ಒಳಗಿನ ಸವೆತ ಹಾಗೆಯೇ ಮುಂದುವರಿಯುತ್ತದೆ. ಆ ಸವೆತವನ್ನು ನಿಮಗೆ ತಿಳಿಸುತ್ತಿರುವುದು ಸದ್ದು ಮಾತ್ರ.

ಟೈಮಿಂಗ್ ಚೈನ್ ಎಂದರೆ ಎಂಜಿನ್ನೊಳಗೆ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡ) ತಿರುಗುವಿಕೆಯನ್ನು ಕ್ಯಾಮಿಗೆ (ವಾಲ್ವುಗಳನ್ನು ತೆರೆಯುವ ದಂಡ) ಮುಟ್ಟಿಸುವ ಸರಪಳಿ. ಅದು ರಬ್ಬರಿನಂತೆ ಹಿಗ್ಗುವುದಿಲ್ಲ. ಅದರ ಪ್ರತಿ ಕೊಂಡಿಯ ಪಿನ್ನೂ ಆ ಪಿನ್ ಕೂತಿರುವ ತೂತೂ ಕೂದಲೆಳೆಗಿಂತ ಕಡಿಮೆ ಸವೆಯುತ್ತವೆ. ನೂರರ ಆಸುಪಾಸಿನ ಕೊಂಡಿಗಳಿರುವ ಚೈನಿನಲ್ಲಿ ಒಂದೊಂದು ಕೊಂಡಿ 0.02 ಮಿ.ಮೀ. ಸವೆದರೂ ಒಟ್ಟು ಉದ್ದ 2 ಮಿ.ಮೀ. ಹೆಚ್ಚುತ್ತದೆ. ಈ ಸಡಿಲವನ್ನು ಟೆನ್ಷನರ್ ಒಂದು ಹಂತದವರೆಗೆ ತಾನೇ ಹೀರಿಕೊಳ್ಳುತ್ತದೆ. ಆದರೆ ಚೈನ್ ಉದ್ದವಾದಷ್ಟೂ ಕ್ಯಾಮ್ ತನ್ನ ಸಮಯಕ್ಕಿಂತ ಹಿಂದೆ ಬೀಳುತ್ತದೆ, ವಾಲ್ವುಗಳು ತಡವಾಗಿ ತೆರೆದು ತಡವಾಗಿ ಮುಚ್ಚಿಕೊಳ್ಳುತ್ತವೆ. ಇದನ್ನು ಯಾವ ಟೆನ್ಷನರೂ ಸರಿಪಡಿಸಲಾರದು. ಹೊಸ ಟೆನ್ಷನರ್ ಎರಡೇ ತಿಂಗಳಿಗೆ ಸೋತಿದೆ ಎಂದರೆ ಚೈನ್ ಅಥವಾ ಗೈಡ್ (ಚೈನ್ ಉಜ್ಜಿಕೊಂಡು ಓಡುವ ಪಟ್ಟಿ) ಸವೆದು ಮುಗಿದಿದೆ ಎಂದೇ ನನ್ನ ಅನುಮಾನ. ವಾಷರ್ ಇಟ್ಟರೆ ಸ್ಪ್ರಿಂಗಿನ ಒತ್ತಡ ಹೆಚ್ಚಿ, ಚೈನ್ ಗೈಡಿನ ಮೇಲೆ ಇನ್ನೂ ಗಟ್ಟಿಯಾಗಿ ಉಜ್ಜುತ್ತದೆ. ನನ್ನ ಕೈಗೆ ಬಂದ ಅಂಥದ್ದೊಂದು ಎಂಜಿನ್ನಿನಲ್ಲಿ ಗೈಡಿನ ಮೈಮೇಲೆ ಚೈನು ಎರಡು ಆಳವಾದ ಕಾಲುವೆ ಕೊರೆದಿತ್ತು. ಒಡೆದ ಕಪ್ಪು ಚೂರುಗಳು ಕೆಳಗಿಳಿದು ಆಯಿಲ್ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದವು. ಜಾಲರಿ ಕಟ್ಟಿಕೊಂಡರೆ ಆಯಿಲ್ ಮೇಲಿನವರೆಗೆ ಏರುವುದಿಲ್ಲ, ಆಗ ಕ್ಯಾಮೂ ಹಾಳಾಗುತ್ತದೆ.

ಬಿಚ್ಚುವ ಮೊದಲು ಸದ್ದು ಚೈನಿನದೇ ಎಂದು ಖಚಿತಪಡಿಸಿಕೊಳ್ಳಿ. ಟ್ಯಾಪೆಟ್ (ವಾಲ್ವನ್ನು ಒತ್ತುವ ಭಾಗ) ಸದ್ದು ಲೆಕ್ಕ ಹಾಕಿದಂತೆ ಟಿಕ್ ಟಿಕ್ ಎಂದು ಒಂದೇ ಸಮನೆ ಬರುತ್ತದೆ. ಪಿಸ್ಟನ್ ಸದ್ದು ಎಂಜಿನ್ ಬಿಸಿಯಾದಂತೆ ಕಡಿಮೆಯಾಗುತ್ತದೆ. ಚೈನಿನದು ಆಕ್ಸಿಲರೇಟರ್ ಬಿಟ್ಟ ಕ್ಷಣ ಏಳುವ ಗರಗರ, ನಿಮ್ಮ ವಿವರಣೆ ಇದಕ್ಕೇ ಹೊಂದುತ್ತದೆ. ಆದರೂ ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಅಂತರವನ್ನು ಫೀಲರ್ ಗೇಜಿನಲ್ಲಿ ಅಳೆಸಿ, ಆಯಿಲ್ ಮಟ್ಟವನ್ನೂ ನೋಡಿಸಿ. ಬಳಿಕ ಮ್ಯಾಗ್ನೆಟ್ಟಿನ (ಕ್ರ್ಯಾಂಕಿನ ತುದಿಯಲ್ಲಿರುವ ಆಯಸ್ಕಾಂತದ ಚಕ್ರ) ಗುರುತನ್ನು ಟಿಡಿಸಿಗೆ, ಅಂದರೆ ಪಿಸ್ಟನ್ ಪೂರ್ತಿ ಮೇಲಿರುವ ಸ್ಥಾನಕ್ಕೆ, ತಂದು ಕ್ಯಾಮ್ ಸ್ಪ್ರಾಕೆಟ್ಟಿನ (ಕ್ಯಾಮಿನ ಹಲ್ಲುಚಕ್ರ) ಗೀರುಗಳು ಹೆಡ್ಡಿನ ಅಂಚಿಗೆ ಸರಿಯಾಗಿ ಕೂತಿವೆಯೇ ನೋಡಬೇಕು. ಗೀರು ಸ್ವಲ್ಪ ಹಿಂದುಳಿದಿದ್ದರೆ, ಜೊತೆಗೆ ಟೆನ್ಷನರ್ ಕಡ್ಡಿ ಬಹುಪಾಲು ಹೊರಗೆ ಬಂದಿದ್ದರೆ, ಚೈನ್ ಬದಲಿಸುವ ಕಾಲ ಬಂದಿದೆ ಎಂದೇ ಅರ್ಥ. ಹಳೆಯದನ್ನು ತೆಗೆದ ಮೇಲೆ ಹೊಸ ಚೈನಿನ ಪಕ್ಕ ಒಂದೇ ಮೊಳೆಗೆ ತೂಗುಹಾಕಿ ನೋಡಿ, ಹಳೆಯದು ಎಷ್ಟು ಕೆಳಗೆ ಇಳಿಯುತ್ತದೆಂದು ನಿಮ್ಮ ಕಣ್ಣಿಗೇ ಕಾಣುತ್ತದೆ.

ಇಡೀ ಎಂಜಿನ್ ಬಿಚ್ಚಬೇಕಿಲ್ಲ. ಎಡಬದಿಯಲ್ಲಿ ಚೈನ್ ಇರುವ ಇಂಥ ಬಹುತೇಕ ಸಿಂಗಲ್ ಸಿಲಿಂಡರ್ ಎಂಜಿನ್ನುಗಳಲ್ಲಿ ಹೆಡ್ ಕವರ್ ತೆಗೆದು, ಮ್ಯಾಗ್ನೆಟ್ಟನ್ನು ಪುಲ್ಲರ್ ಹಾಕಿ ಹೊರತಂದರೆ ಚೈನು ಕೈಗೆ ಸಿಗುತ್ತದೆ. ಮ್ಯಾಗ್ನೆಟ್ಟಿಗೆ ಸುತ್ತಿಗೆ ಹೊಡೆಯಲು ಖಂಡಿತ ಬಿಡಬೇಡಿ. ಟೆನ್ಷನರ್ ಒತ್ತುವ ಹಿಂದಿನ ಪಟ್ಟಿ ಸುಲಭವಾಗಿ ಬರುತ್ತದೆ. ಮುಂದಿನ ಗೈಡ್ ಮಾತ್ರ ಕೆಲವು ಎಂಜಿನ್ನುಗಳಲ್ಲಿ ಹೆಡ್ ಇಳಿಸದೆ ಹೊರಬರುವುದಿಲ್ಲ. ಹಾಗಿದ್ದರೆ ಹೆಡ್ ಇಳಿಸುವ ಖರ್ಚಿಗೆ ಹಿಂಜರಿಯಬೇಡಿ, ಏಕೆಂದರೆ ಸವೆದ ಗೈಡಿನ ಮೇಲೆ ಹೊಸ ಚೈನ್ ಓಡಿಸಿದರೆ ಅರ್ಧ ಕೆಲಸ ಮಾಡಿಸಿದಂತೆ. ಕ್ಯಾಮ್ ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಅದನ್ನೂ ಬದಲಿಸಿ.

ಜೋಡಿಸುವಾಗಿನ ಎಚ್ಚರವೇ ಈ ಕೆಲಸದ ಪ್ರಾಣ. ಸ್ಪ್ರಾಕೆಟ್ ಬಿಚ್ಚಿದ ಕೂಡಲೇ ಚೈನನ್ನು ತಂತಿಯಲ್ಲಿ ಕಟ್ಟಿಡಬೇಕು, ಇಲ್ಲದಿದ್ದರೆ ಅದು ಕೆಳಗೆ ಜಾರುತ್ತದೆ. ಚೈನ್ ಇಳಿಯುವ ಪೊಳ್ಳಿಗೆ ಶುಭ್ರವಾದ ಬಟ್ಟೆ ತುರುಕಿದರೆ ಬೋಲ್ಟ್ ಒಳಗೆ ಬೀಳುವ ಭಯವಿಲ್ಲ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಹೀಗಾಗಿ 30 ಹಲ್ಲಿನ ಕ್ಯಾಮ್ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ತಪ್ಪಿದರೂ ಕ್ರ್ಯಾಂಕಿನ ಲೆಕ್ಕದಲ್ಲಿ 24 ಡಿಗ್ರಿ ವ್ಯತ್ಯಾಸವಾಗುತ್ತದೆ. ಟೆನ್ಷನರ್ ಕಡ್ಡಿಯನ್ನು ಪೂರ್ತಿ ಒಳಗೆ ತಿರುಗಿಸಿ ಲಾಕ್ ಮಾಡಿಯೇ ಕೂರಿಸಬೇಕು, ಬೋಲ್ಟುಗಳು ಬಿಗಿಯಾದ ಮೇಲಷ್ಟೇ ಬಿಡಬೇಕು. ಹಲ್ಲುಕಚ್ಚುವ ಬಗೆಯ ಟೆನ್ಷನರಿನ ಬೋಲ್ಟನ್ನು ಸ್ವಲ್ಪ ಸಡಿಲಿಸಿ ಮತ್ತೆ ಬಿಗಿ ಮಾಡುವ ಅಭ್ಯಾಸ ಕೆಲವರಿಗಿದೆ. ಆಗ ಕಡ್ಡಿ ಮುಂದಕ್ಕೆ ಜಿಗಿದು ಅಲ್ಲೇ ಕಚ್ಚಿಕೊಂಡು, ಚೈನ್ ವಿಪರೀತ ಬಿಗಿಯಾಗುತ್ತದೆ. ಎಲ್ಲ ಮುಗಿದ ಮೇಲೆ ಸೆಲ್ಫ್ ಒತ್ತುವ ಮೊದಲು ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಕೈಯಾರೆ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್ನಿಗೆ ತಾಗುತ್ತಿರಬಹುದು. ಕೊನೆಗೆ ಟ್ಯಾಪೆಟ್ ಅಂತರ ಸರಿಹೊಂದಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಜಾಲರಿಯನ್ನೂ ಬಿಚ್ಚಿ ತೊಳೆಸಿ.

ಈ ಕೆಲಸ ಆಗುವವರೆಗೆ ಹೆದ್ದಾರಿಯಲ್ಲಿ ಎಂಜಿನ್ನನ್ನು ಹೆಚ್ಚು ಆರ್‌ಪಿಎಂಗೆ ಎಳೆಯಬೇಡಿ, ಆವಲಬೆಟ್ಟದ ಸವಾರಿಯನ್ನು ಮುಂದೂಡಿ. ಸದ್ದು ದಿನೇದಿನೇ ಜೋರಾದರೆ ಬೈಕನ್ನು ನಿಲ್ಲಿಸಿ, ಟೆಂಪೋದಲ್ಲಿ ವರ್ಕ್‌ಶಾಪಿಗೆ ಸಾಗಿಸಿ.